ಸಂಡೂರಿನ ಸಮುದ್ರದ ಕಲ್ಲು

ಅಕ್ಕಾ,

ಎಂಟನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಾ ನೀನು ಬಿದ್ದು ಬಿದ್ದು ನಕ್ಕ ದಿನ ನೆನಪಿದೆಯಾ? ಎಮ್ಮಿಗನೂರಿನ ಮನೆಯಲ್ಲಿ ಹಂಪಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ನಾನು ಸಂಡೂರಿಗೆ ನಿನ್ನನ್ನು ನೋಡಲು ಬಂದಿದ್ದೆ. ಕಲ್ಲು, ಅದು ಹುಟ್ಟಿದ ಜಾಗ, ಹೊಂದಿಸಿ ಬರೆಯಿರಿ ಎಂದು ನೀನು ಕೇಳಿದ್ದರೆ, ಪತ್ರಿಕೆಯಲ್ಲಿ ಕೊಟ್ಟಿದ್ದ ಆಯ್ಕೆಗಳನ್ನೆಲ್ಲ ಬಿಟ್ಟು ಹುಡುಗಿಯೊಬ್ಬಳು ಗ್ರಾನೈಟ್ ಎದುರಿಗೆ ‘ಹಂಪಿ’ ಎಂದು ಬರೆದಿದ್ದಳು. “ಹುಟ್ಟಿದ ಜಾಗ ಕೇಳಿದ್ರ ಇರೋ ಜಾಗ ಬರ್ದಾಳ ನೋಡು” ಎಂದೆ ನೀನು. ಭೂಮಿಯ ಆಳದಲ್ಲಿ ಕರಗಿದ್ದು ನಿಧಾನವಾಗಿ ಆರಿ ಗ್ರಾನೈಟ್ ಆಗುತ್ತದೆಂದು ಕೆಂಪು ಶಾಯಿಯಲ್ಲಿ ಬರೆದು, ಅರ್ಧ ಅಂಕವನ್ನೂ ಕೊಟ್ಟೆ. “ಪಾಪ, ಆಕಿ ನೋಡಿದ್ದು ಅಷ್ಟ.”

ನಿನ್ನ ಜಗುಲಿಯ ಮೇಲೆ ಭಾವ ಗಣಿಯಿಂದ ತಂದ ಕಲ್ಲೊಂದಿತ್ತು. ಕೆಂಪು, ಬೂದು ಪಟ್ಟೆಗಳ, ಹೆಣಭಾರದ ಕಬ್ಬಿಣದ ಕಲ್ಲು. ಹಿಂದೆಂದೋ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರದ ಮೇಲೆ ಪದರ ಕೂತು ಆದದ್ದು ಎಂದು ಹೇಳಿದವಳು, “ಅಪ್ಪಗ ಹೇಳಿದ್ರ ನಂಬ್ತಾರೇನು?” ಎಂದು ಅದರ ಧೂಳು ಒರೆಸಿದೆ. ನೀನು ಬೇರೆ ಜಾತಿಯ, ಗಣಿಯ ಡಂಪರ್ ಲಾರಿ ಓಡಿಸುವ ಡ್ರೈವರನನ್ನು ಮೆಚ್ಚಿ ಮದುವೆಯಾದೆ ಎಂದು ಅಪ್ಪ ನಿನ್ನ ಹೆಸರನ್ನೇ ಎತ್ತುತ್ತಿರಲಿಲ್ಲ. ನೀನು ಮಾತ್ರ ಯಾವ ಮಾತು ತೆಗೆದರೂ ಅವರ ಹತ್ತಿರವೇ ತಂದು ನಿಲ್ಲಿಸುತ್ತಿದ್ದೆ.

ಜ್ವರ ತಲೆಗೇರಿ ನೀನು ಹೋದ ದಿನ ನಿನ್ನ ಮಗ್ಗುಲಲ್ಲಿದ್ದ ನಾನೇ ಸಂಡೂರಿನಿಂದ ಮನೆಗೆ ಫೋನ್ ಮಾಡಿದೆ. ಅಪ್ಪ “ಹಂಗೇನು” ಎಂದರು, ಅಷ್ಟೇ. ಅವರು ಸಂಡೂರು ಮುಟ್ಟುವಷ್ಟರಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದಿದ್ದೆವು. ನನಗೆ ಇನ್ನೂ ಸಿಟ್ಟಿದೆ ಅಕ್ಕಾ. ಒಂದು ತಾಸು ಮೊದಲು ಹೊರಟಿದ್ದರೆ ಮುಖವಾದರೂ...

ಅಪ್ಪನನ್ನು ಯಾರೂ ಮಾತಾಡಿಸಲಿಲ್ಲ. ನಿನ್ನ ಜಗುಲಿಯ ಮೇಲೆ ಕೂತವರು ಕೈಗೆ ಸಿಕ್ಕ ಆ ಕಲ್ಲನ್ನೆತ್ತಿ, “ಇದೇನು ಇಷ್ಟು ಭಾರ ಐತಿ?” ಎಂದರು.

“ಅದು ಸಮುದ್ರದಾಗ ಹುಟ್ಟೈತ್ರಿ” ಎಂದಳು ನಿನ್ನ ಮಗಳು ಪಲ್ಲವಿ. ಯಾರೋ ಊರಿನ ಹಿರಿಯರು ಎಂದುಕೊಂಡಿತ್ತು ಕೂಸು. ತಾತನ ಮುಖವನ್ನು ಅದು ಯಾವಾಗ ನೋಡಿತ್ತು?

“ಸಂಡೂರಾಗ ಸಮುದ್ರ ಎಲ್ಲಿಂದ ಬಂತವ್ವ?”

“ಆವಾಗ ಇತ್ತಂತ್ರಿ. ನಮ್ಮಮ್ಮ ಹೇಳ್ಯಾಳ.”

“ನಿಮ್ಮಮ್ಮ ಹೇಳ್ಯಾಳಂದ್ರ ಖರೇನ ಇರ್ತೈತಿ” ಎಂದವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಈ ಮಾತನ್ನು ನೀನಿದ್ದಾಗ ಆಡಲು ಏನಾಗಿತ್ತು ಅವರಿಗೆ?

ಈಗ ಸುದ್ದಿ ಕೇಳು. ಶಾಲೆಗೆ ರಜೆ ಬಿಟ್ಟಿದೆ. ಇವತ್ತು ಪಲ್ಲವಿಯನ್ನು ಎಮ್ಮಿಗನೂರಿಗೆ ಕರೆತಂದ ಭಾವ ಹೊರಗೇ ನಿಂತಿದ್ದರು. ಅಪ್ಪನೇ ಬಾಗಿಲಿಗೆ ಹೋಗಿ, “ಒಳಗ ಬರ್ರಿ, ಉಣ್ಣಾಕ ಕುಂದ್ರಿ” ಎಂದರು. ಊಟವಾದ ಮೇಲೆ ಪಲ್ಲವಿ ತಾತನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವಳು ಇನ್ನೂ ಎದ್ದಿಲ್ಲ. ಕಾಲು ಜೋಮು ಹಿಡಿದು ಅವರು ಹಲ್ಲು ಕಚ್ಚುತ್ತಿರುವುದು ನನಗೆ ಕಾಣುತ್ತಿದೆ. ಚಾಪೆಗೆ ಹಾಕೋಣವೆಂದು ಎತ್ತಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದರು.

“ಬ್ಯಾಡ. ಎಚ್ಚರಾಕ್ಕಾಳ.”