ಕೇಳುಮನೆಯಲ್ಲಿ ನಕ್ಕವರು

ಬಿಳಿಗುಡ್ಡದ ವಿದ್ಯಾಪೀಠ
ಕ್ರಿ.ಶ. ೨೩೧೭, ಬಿಸಿಲುರಜೆಯ ಮೂವತ್ತೊಂಬತ್ತನೆಯ ದಿನ

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಕಾಗದ ಮಡಚಿಡಬೇಡಿ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ; ನೀವು ಕಾಣದ ಎಷ್ಟೋ ವಸ್ತುಗಳಿಗೆ ನಾವು ಹೆಸರಿಡಬೇಕಾಯಿತು. ವಿದ್ಯಾರ್ಥಿಗಳ ಮೇಲಿನ ದೂರನ್ನು ವಿಚಾರಿಸುವ ಕೋಣೆಗೆ ನಾವು ಕೇಳುಮನೆ ಎನ್ನುತ್ತೇವೆ. ನೀವು ಶಿಸ್ತು ಸಮಿತಿ ಎನ್ನುತ್ತಿದ್ದಿರಂತೆ. ನಾನು ಯಂಕವ್ವ ಹಡಪದ, ಅಲ್ಲಿಯ ಬರಹಗಾರ್ತಿ. ಯಾರ ದನಿಯನ್ನಾದರೂ ಯಂತ್ರಗಳು ಹುಟ್ಟಿಸಬಲ್ಲ ಕಾಲ ನಮ್ಮದು. ಹಾಗಾಗಿ ದನಿಮುದ್ರಿಕೆಯನ್ನು ಯಾರೂ ನಂಬುವುದಿಲ್ಲ, ಎದುರಿಗೆ ಕೂತು ಕೇಳಿದವರ ಕೈಬರಹವನ್ನು ಮಾತ್ರ ನಂಬುತ್ತಾರೆ.

ನಮ್ಮಲ್ಲಿ ವಿದ್ಯಾರ್ಥಿಗಳು ನೆಲಮನೆಗಳಲ್ಲಿ, ಎಂದರೆ ಬಿಸಿಲು ತಾಗದಂತೆ ಭೂಮಿಯೊಳಗೆ ಕೊರೆದ ವಸತಿಗಳಲ್ಲಿ ಇರುತ್ತಾರೆ. ಬೆಳಗಾದರೆ ಕೊಡ ಹಿಡಿದು ಪಾಳಿಯಲ್ಲಿ ನಿಲ್ಲುತ್ತಾರೆ. ತಲೆಗೊಂದು ಕೊಡ, ಕುಡಿಯಲು, ತೊಳೆಯಲು ಅಷ್ಟೇ. ಇಪ್ಪತ್ತೆಂಟು ವರ್ಷದ ಹಿಂದೆ ಬೀಜಶಾಸ್ತ್ರ ಓದಲು ಬಂದಿದ್ದ ಹುಲಿಗೆವ್ವ ಎಂಬ ಹುಡುಗಿ ತನ್ನ ಪಾಳಿಯನ್ನು ಮೂವರು ಹಿರಿಯ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲಿಲ್ಲ. ಅವರು ಅವಳನ್ನು ಜಡೆ ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದೊಯ್ದು, ಬೆಲ್ಟಿನ ಹಿತ್ತಾಳೆ ಕೊಂಡಿಯಿಂದ ಮುಖಕ್ಕೆ ಹೊಡೆದರು. ಎಡಗಣ್ಣು ಒಡೆದು ಹೋಯಿತು.

ಹತ್ತು ದಿನಕ್ಕೆ ವಿಚಾರಣೆ ನಡೆಯಿತು. ಅಧ್ಯಕ್ಷರಾದ ಪ್ರೊಫೆಸರ್ ಸಿದ್ರಾಮಪ್ಪನವರೂ ಇನ್ನಿಬ್ಬರು ಅಧ್ಯಾಪಕರೂ ಎತ್ತರದ ಕಟ್ಟೆಯ ಮೇಲೆ ಕೂತಿದ್ದರು. ಆರೋಪ ಹೊತ್ತ ಮೂವರೂ ಊರಿನ ನೀರುಮಂಡಳಿಯವರ ಮಕ್ಕಳು. ಅವರಿಗೂ ಕುರ್ಚಿ ಹಾಕಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹುಲಿಗೆವ್ವ ಮಾತ್ರ ಒಂದು ತಾಸಿನಿಂದ ನಿಂತೇ ಇದ್ದಳು. ಅವಳ ಜೊತೆಗಾರನಾಗಿ ಬಂದಿದ್ದವನು ಅಣ್ಣ ದುರ್ಗೇಶ, ಕಲ್ಲುಕುಟಿಗ. ಜೊತೆಗಾರ ಪಕ್ಕದಲ್ಲಿ ಇರಬಹುದು, ಮಾತಾಡುವಂತಿಲ್ಲ ಎಂಬುದು ಆಗಿನ ನಿಯಮ. ತಂಗಿ ತೂಗಾಡುವುದನ್ನು ಕಂಡು ಅವನು ಕೈಮುಗಿದು ಎದ್ದ.

"ಸರ, ಆಕಿನ್ನ ಒಂಚೂರು ಕುಂದ್ರಸ್ರಿ. ತಲಿ ತಿರಗಾಕತ್ತೈತಿ ಆಕಿಗೆ."

"ಜೊತೆಗಾರ ಮಾತಾಡಂಗಿಲ್ಲ. ಇನ್ನೊಮ್ಮೆ ಬಾಯಿ ತೆಗದ್ರ ಹೊರಗ ಹಾಕಸ್ತೀನಿ," ಎಂದರು ಅಧ್ಯಕ್ಷರು. ಆಮೇಲೆ ಮೂವರಲ್ಲಿ ಹಿರಿಯನಾದ ಅಮರೇಗೌಡನ ಕಡೆ ತಿರುಗಿ, ಅವತ್ತು ಏನು ಮಾಡಿದೆ ಎಂದು ಕೇಳಿದರು.

ಅವನು ಕಾಲ ಮೇಲೆ ಕಾಲು ಹಾಕಿಕೊಂಡೇ ಹೇಳಿದ: "ಒಂದು ಕಣ್ಣು ಉಳಿಸೀವಲ್ರಿ ಸರ. ಪಾಳಿ ನೋಡಾಕ ಅಷ್ಟ ಸಾಕು."

ಸಿದ್ರಾಮಪ್ಪನವರು ನಕ್ಕರು. ಉಳಿದಿಬ್ಬರು ಅಧ್ಯಾಪಕರೂ ನಕ್ಕರು. ಸುಳ್ಳು ಹೇಳಲಾರೆ, ನಾನೂ ನಕ್ಕೆ. ದೊಡ್ಡವರು ನಕ್ಕಾಗ ನಗುವುದು ರೂಢಿಯಾಗಿತ್ತು. "ಯಂಕವ್ವಾ, ಇದನ್ನ ಬರೀಬ್ಯಾಡ," ಎಂದರು. ನಾನು ಲೇಖನಿಯನ್ನು ಹಾಳೆಯಿಂದ ಎತ್ತಿ ಹಿಡಿದೆ.

ದುರ್ಗೇಶ ಕಿಟಕಿಯ ಅಗಳಿಯನ್ನು, ಮೊಳದುದ್ದದ ಕಬ್ಬಿಣವನ್ನು, ಕಿತ್ತುಕೊಂಡ. ಮೊದಲ ಏಟಿಗೆ ಅಮರೇಗೌಡನ ದವಡೆ ಮುರಿದು ಹಲ್ಲುಗಳು ನೆಲಕ್ಕೆ ಚೆಲ್ಲಿದವು. ಕಟ್ಟೆಯಿಂದ ಇಳಿಯಹೋದ ಸಿದ್ರಾಮಪ್ಪನವರು ಧೋತರಕ್ಕೆ ಕಾಲು ಸಿಕ್ಕಿ ಬಿದ್ದರು. ಅವರ ತಲೆಗೆ ಎರಡು ಏಟು ಬಿತ್ತು. "ಸಾಕೋ ಯಣ್ಣಾ, ಬಿಡೋ!" ಎಂದು ಹುಲಿಗೆವ್ವ ಅವನ ಸೊಂಟಕ್ಕೆ ಜೋತುಬಿದ್ದಾಗ ಅವನು ಅಗಳಿ ಕೆಳಗೆ ಹಾಕಿದ. ಓಡಿ ಬಂದ ಕಾವಲಿನವರು, ಬರಿಗೈಯಲ್ಲಿ ನಿಂತಿದ್ದವನನ್ನು ನೆಲಕ್ಕೆ ಕೆಡವಿ, ಅದೇ ಅಗಳಿಯಿಂದ ಅವನ ಎರಡೂ ಮುಂಗೈ ಮುರಿದರು. ನನ್ನ ಹಾಳೆಯ ಮೇಲೆ ಅಕ್ಷರಗಳಿಗಿಂತ ರಕ್ತವೇ ಹೆಚ್ಚಿತ್ತು. ಸಿದ್ರಾಮಪ್ಪನವರು ಸಂಜೆಗೆ ತೀರಿಕೊಂಡರು.

ಕೊಲೆಯ ವಿಚಾರಣೆಯಲ್ಲಿ ಉಳಿದಿಬ್ಬರು ಅಧ್ಯಾಪಕರು, ಅಲ್ಲಿ ಯಾರೂ ನಗಲಿಲ್ಲ, ಹುಡುಗಿಗೆ ಕುರ್ಚಿ ಕೊಟ್ಟಿದ್ದೆವು ಎಂದು ಹೇಳಿದರು. ನಗುವಿನ ಮಾತೇ ಇಲ್ಲದ ನನ್ನ ಬರಹ ಅವರ ಸುಳ್ಳಿಗೆ ಬೆಂಬಲವಾಗಿ ಮೇಜಿನ ಮೇಲಿತ್ತು. ನನ್ನನ್ನು ಕರೆದರು. ಮನೆಯಲ್ಲಿ ನನ್ನ ದುಡಿಮೆಯ ಅನ್ನಕ್ಕೇ ಕಾದಿದ್ದ ತಾಯಿ ಇದ್ದಳು. ಆದರೂ ಹೇಳಿದೆ: "ನಕ್ಕರ್ರಿ. ನಾನೂ ನಕ್ಕೆ. ಆ ಹುಡುಗಿ ನಿಂತ ಇತ್ತು. ಯಾವುದೂ ಬರೀಲಿಲ್ಲ ನಾನು."

ಕೊಲೆ ಕೊಲೆಯೇ. ದುರ್ಗೇಶನಿಗೆ ಉಪ್ಪಿನ ಗದ್ದೆಯಲ್ಲಿ ಹನ್ನೆರಡು ವರ್ಷ ದುಡಿಯುವ ಶಿಕ್ಷೆಯಾಯಿತು. ಮರಳಿ ಬಂದಾಗ ಸೊಟ್ಟಗೆ ಕೂಡಿಕೊಂಡ ಆ ಕೈಗಳಿಗೆ ಉಳಿ ಹಿಡಿಯಲು ಬರಲಿಲ್ಲ. ಹುಲಿಗೆವ್ವಳನ್ನು ಹೊಡೆದ ಮೂವರನ್ನೂ ವಿದ್ಯಾಪೀಠದಿಂದ ಹೊರಹಾಕಿದರು. ಸುಳ್ಳು ಬರಹಕ್ಕಾಗಿ ನನ್ನನ್ನೂ ತೆಗೆದರು, ಅದು ಸರಿಯೇ. ಆಮೇಲೆ ನಿಯಮಗಳು ಬಂದವು. ಕೇಳುಮನೆಯಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ಕೂರಬೇಕು. ದೂರು ಕೊಟ್ಟವರನ್ನಾಗಲಿ ಆರೋಪ ಹೊತ್ತವರನ್ನಾಗಲಿ ಹಂಗಿಸಬಾರದು. ಜೊತೆಗಾರ ನೀರು ಕೇಳಬಹುದು, ವಿರಾಮ ಕೇಳಬಹುದು. ಬರೆಯುವವರ ಕೈಯನ್ನು ಅಧ್ಯಕ್ಷರೂ ತಡೆಯುವಂತಿಲ್ಲ. ವಿಚಾರಿಸುವವರಲ್ಲಿ ಹಳೆಯ ಸ್ನೇಹವೋ ಹಗೆಯೋ ಇದ್ದವರು ತಾವಾಗಿಯೇ ಎದ್ದು ಹೋಗಬೇಕು.

ಹುಲಿಗೆವ್ವ ಓದು ಮುಗಿಸಿ, ಇಲ್ಲಿಯೇ ಕಲಿಸಿ, ಒಂಬತ್ತು ವರ್ಷದ ಹಿಂದೆ ಕೇಳುಮನೆಯ ಅಧ್ಯಕ್ಷೆಯಾದಳು. ನನ್ನನ್ನು ಮತ್ತೆ ಬರೆಯಲು ಕರೆದವಳೂ ಅವಳೇ. ಕಳೆದ ವಾರ, ಸಹಪಾಠಿಯ ಕೈ ಮುರಿದ ಹುಡುಗಿಯೊಬ್ಬಳ ವಿಚಾರಣೆಯಿತ್ತು. ಹೆಸರುಪಟ್ಟಿಯಲ್ಲಿ ಹುಡುಗಿಯ ಹೆಸರಷ್ಟೇ ಇತ್ತು. ಜೊತೆಗಾರನಾಗಿ ಬಂದ ಅವಳ ತಂದೆಯನ್ನು ನೋಡಿದೆವು. ಸೊಟ್ಟ ದವಡೆ. ಅಮರೇಗೌಡ. ಹುಲಿಗೆವ್ವಳನ್ನು ಕಂಡವನೇ ಅವನು ಬೆವೆತು ಗೋಡೆಗೆ ಒರಗಿದ.

"ಅವ್ವಾರ, ನನ್ನ ಮ್ಯಾಲಿನ ಸಿಟ್ಟು ನನ್ನ ಮಗಳ ಮ್ಯಾಲೆ..."

"ಕುಂದರ್ರಿ ಮೊದ್ಲ," ಎಂದಳು. ನೀರು ತರಿಸಿದಳು. "ಈ ವಿಚಾರಣಿ ನಾ ಮಾಡಂಗಿಲ್ಲ. ಬ್ಯಾರೆಯವರು ಬರ್ತಾರ. ನಿಮ್ಮ ಮಗಳು ಹೇಳೂದನ್ನ ಪೂರಾ ಕೇಳ್ತಾರ."

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಬೆರಳುಗಳು ಬಿಗಿದುಕೊಂಡಿದ್ದವು, ಬಿಡಿಸಲು ಬರುತ್ತಿರಲಿಲ್ಲ. "ಯಂಕಕ್ಕಾ, ಅವನ್ನ ನೋಡಿದ ಕೂಡ್ಲೆ ನನ್ನ ಕೈ ಕಬ್ಬಿಣ ಹುಡಕಾಕತ್ತಿತ್ತು," ಎಂದಳು. ನಾನು ಒಂದೊಂದೇ ಬೆರಳು ಬಿಡಿಸಿದೆ.

ಹಿರಿಯರೇ, ಒಬ್ಬ ಸತ್ತ ಮೇಲೆ ನಾವು ನಿಯಮ ಬರೆದೆವು. ಅದನ್ನು ಪಾಲಿಸುವವರಿಗೆ ಅದೆಷ್ಟು ಕಷ್ಟವೆಂದು ನಾನು ಆ ಮೆಟ್ಟಿಲ ಮೇಲೆ ಕಂಡೆ. ನಿಮ್ಮ ಸಮಿತಿಯ ಬಾಗಿಲಲ್ಲಿ ಈಗ ಯಾರೋ ಕಾದಿರಬಹುದು. ಒಳಗೆ ಕರೆಯುವ ಮೊದಲು ನಿಮ್ಮ ಮುಖ ಒಮ್ಮೆ ನೋಡಿಕೊಳ್ಳಿ.

ಇತಿ,
ಯಂಕವ್ವ ಹಡಪದ