ಅತ್ತೆಯ ಬಲ ಹೆಗಲಿನ ಬ್ಯಾಗು

ಮಾರ್ಚ್ 4
ಅಂಗಡಿಯಲ್ಲಿ ಎಂದಿನಂತೆ ಗಾಜು ಕೊಯ್ದದ್ದೇ ಕೊಯ್ದದ್ದು. ದೊಡ್ಡ ಕನ್ನಡಿಯೊಂದನ್ನು ಎದೆಗೊತ್ತಿ ಎತ್ತಿದಾಗ ಎಡಗಡೆ ಚುರುಕ್ ಎಂದಿತು. ಬಚ್ಚಲಲ್ಲಿ ಮುಟ್ಟಿ ನೋಡಿದೆ. ಮೊಲೆತೊಟ್ಟಿನ ಕೆಳಗೆ ಗಂಟು. ಶರ್ಟ್ ಗುಂಡಿಯಷ್ಟು. ಗಾಜಿನ ಏಟು, ಇನ್ನೇನು. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಊರೆಲ್ಲ ಡಂಗುರ.

ಮಾರ್ಚ್ 23
ಗಂಟು ಅಲ್ಲೇ ಇದೆ. ಎರಡೆರಡು ಶರ್ಟ್ ಹಾಕಿಕೊಂಡು ಗಾಜು ಎತ್ತಿದರೂ ಕರಗಲಿಲ್ಲ. ಗಂಡಸಿಗೆ ಎದೆಯ ಕ್ಯಾನ್ಸರೆಲ್ಲ ಬರುವುದಿಲ್ಲ ಬಿಡು... ಎಂದು ನನಗೇ ನಾನು ಹೇಳಿಕೊಂಡದ್ದು ಎಷ್ಟನೇ ಸಲವೋ.

ಅತ್ತೆ ಬಂದಿದ್ದಾರೆ. ಹೆಂಡತಿಯ ತಾಯಿ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಬ್ಯಾಗು ಈಗಲೂ ಬಲ ಹೆಗಲಿಂದ ಇಳಿಯುವುದಿಲ್ಲ, ಅಡುಗೆಮನೆಯಲ್ಲೂ! "ಎಲ್ಲಿಗೆ ಟಿಕೆಟ್ ಅತ್ತೆ?" ಎಂದು ಎಂದಿನಂತೆ ರೇಗಿಸಿದೆ. ಎಂದಿನಂತೆ ನಕ್ಕರು. ಆಮೇಲೆ ನಾನು ಸ್ಟೂಲ್ ಎತ್ತುವಾಗ ಮುಖ ಕಿವುಚಿದ್ದನ್ನು ನೋಡಿಬಿಟ್ಟರು. ರಶ್ಶಿನಲ್ಲಿ ಟಿಕೆಟ್ ಇಲ್ಲದವನನ್ನು ಹಿಡಿಯುತ್ತಿದ್ದ ಕಣ್ಣು, ನಾನು ಯಾವ ಲೆಕ್ಕ. ಬಾಯಿ ಬಿಡಿಸಿದರು.

"ಗಂಡಸರಿಗೂ ಬರುತ್ತೆ ಅಳಿಯಂದ್ರೇ. ಏನೂ ಇಲ್ದೇನೂ ಇರಬಹುದು. ಮುಟ್ಟಿ ಮುಟ್ಟಿ ನೋಡ್ಕೊಂಡ್ರೆ ಗೊತ್ತಾಗಲ್ಲ. ನಾಳೆ ಹೊರಡಿ, ನಾನೂ ಬರ್ತೀನಿ."

ಮಾರ್ಚ್ 24, ಸಂಜೆ
ಸ್ಕ್ಯಾನಿಂಗ್ ಹಾಲ್ ತುಂಬ ಹೆಂಗಸರು. ಮೀಸೆ ನನ್ನದೊಂದೇ. ನರ್ಸ್ ಫೈಲ್ ಹಿಡಿದು ಬಂದವಳು ಅತ್ತೆಯನ್ನು ಒಳಗೆ ಕರೆದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಪೇಷಂಟ್ ಇವರೇ, ಸ್ವಲ್ಪ ದಾರಿ ಬಿಡಿ ಎಂದರು ಅತ್ತೆ, ಬಸ್ಸಿನ ಗಂಟಲಲ್ಲಿ. ಇಡೀ ಹಾಲ್ ಸರಿದು ಕೂತಿತು. ಎಂಥ ಹೆಂಗಸಪ್ಪಾ ಇವರು!

ಡಾಕ್ಟರಮ್ಮ ಒತ್ತಿ ನೋಡಿದರು. ಸ್ಕ್ಯಾನ್ ಮಾಡಿದರು. ಕೊಬ್ಬಿನ ಗಂಟಿರಬಹುದಂತೆ. ಏಟಿನ ಬಾವು ಇರಬಹುದಂತೆ. ನಾನು ನುಂಗುವ ಬಿಪಿ ಮಾತ್ರೆಯಿಂದ ಕೆಲವು ಗಂಡಸರಿಗೆ ಅಲ್ಲಿ ಗ್ರಂಥಿ ಬೆಳೆಯುವುದೂ ಉಂಟಂತೆ. ಕ್ಯಾನ್ಸರ್ ಅಪರೂಪ, ಆದರೆ ಇಲ್ಲ ಎನ್ನಬೇಕಾದರೆ ಸೂಜಿ ಹಾಕಿಯೇ ನೋಡಬೇಕು. ಹೊರಗೆ ಬಂದವನೇ, ಬೇಡ ಅತ್ತೆ, ಮನೆಗೆ ಹೋಗೋಣ ಎಂದೆ.

ಅತ್ತೆ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡರು.

"ನನ್ನ ಎಡಗಡೇದು ತೆಗೆದುಹಾಕಿದಾರೆ. ನಿಮ್ಮ ಮದುವೆಗೂ ಮುಂಚೆ. ಆ ಹೆಗಲು ಭಾರ ತಡೀತಿರ್ಲಿಲ್ಲ. ಬ್ಯಾಗು ಬಲಕ್ಕೆ ಹಾಕ್ಕೊಂಡು ಡ್ಯೂಟಿಗೆ ಹೋದೆ. ಅಷ್ಟೇ."

ಅಷ್ಟೇ! ಅಷ್ಟನ್ನು ಹೊತ್ತುಕೊಂಡು ಕಿಕ್ಕಿರಿದ ಬಸ್ಸಿನಲ್ಲಿ ನುಗ್ಗಾಡಿದ್ದಾರೆ. ನನ್ನ ಹಾಳು ಜೋಕಿಗೂ ನಕ್ಕಿದ್ದಾರೆ. ತಿರುಗಿ ಒಳಗೆ ಹೋಗಿ ಮಲಗಿದೆ. ಸೂಜಿ ಹಾಕಿಸಿಕೊಂಡೆ.

ಏಪ್ರಿಲ್ 2
ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ! ಗ್ರಂಥಿ ಬೆಳೆದದ್ದು — ಮಾತ್ರೆಯದೇ ಕಿತಾಪತಿ ಇರಬೇಕು ಎಂದು ಬೇರೆ ಮಾತ್ರೆ ಬರೆದುಕೊಟ್ಟರು. ಹೊರಗೆ ಕಾಯುತ್ತಿದ್ದ ಅತ್ತೆಯ ಹತ್ತಿರ ಓಡಿ ಬಂದು ಹೇಳಿದೆ. ಅತ್ತೆ ಬೆಂಚಿನಿಂದ ಏಳಹೋದರು. ಏಳಲಾಗಲಿಲ್ಲ. ಇಷ್ಟು ದಿನ ನನಗೆ ಧೈರ್ಯ ಹೇಳಿದವರು...

ಕೈ ಹಿಡಿದು ಎಬ್ಬಿಸಿದೆ. ಬ್ಯಾಗು ಕೊಡಿ ಎಂದೆ. ಯಾರ ಕೈಗೂ ಕೊಟ್ಟವರಲ್ಲ. ಕೊಟ್ಟರು. ಬಲ ಹೆಗಲಿಗೇ ಹಾಕಿಕೊಂಡೆ, ನನಗೂ ಎಡಗಡೆ ಇನ್ನೂ ನೋವಿದೆಯಲ್ಲ. ಬಸ್ ಹತ್ತಿದೆವು. ಕಂಡಕ್ಟರ್ ಹುಡುಗಿ ಹತ್ತಿರ ಬಂದು ಎಲ್ಲಿಗೆ ಟಿಕೆಟ್ ಎಂದಳು. ಅತ್ತೆ ನನ್ನ ಮುಖ ನೋಡಿ ನಕ್ಕರು. ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು, ಮನೆಗೆ, ಎರಡು ಎಂದೆ.