ನಾಲ್ಕನೆಯ ಬದಿ

ಮುರಗೋಡ, ಗುರುವಾರ

ಅತ್ತೆಯವರಿಗೆ ಪ್ರಜ್ಞಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ನಿಮ್ಮ ಮಗನ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಕೂಸಿನ ಕೌದಿ ಹೊಲಿಯಲು ಶುರು ಮಾಡಿದ್ದೇನೆ. "ಕೂಸು ಹುಟ್ಟೂಕಿಂತ ಮೊದಲ ಕೌದಿಗೆ ಸೂಜಿ ಹಚ್ಚಬಾರದು" ಎಂದು ನೀವು ಹೇಳಿದ್ದು ಮರೆತಿಲ್ಲ. ಹೋದ ಸಲ ನಿಮ್ಮ ಮಾತು ಕೇಳಿ ಒಂದು ತುಂಡನ್ನೂ ಕತ್ತರಿಸಿರಲಿಲ್ಲ. ಅಳದೇ ಹುಟ್ಟಿದ ಆ ಕೂಸನ್ನು ಆಸ್ಪತ್ರೆಯವರು ತಮ್ಮ ಬಿಳಿ ಬಟ್ಟೆಯಲ್ಲೇ ಸುತ್ತಿ ನಿಮ್ಮ ಕೈಗೆ ಕೊಟ್ಟರು. ನೀವು ಅದರ ಮೇಲೆ ನಿಮ್ಮ ಹಳದಿ ಸೆರಗು ಹೊದಿಸಿದ್ದನ್ನು ನಾನು ನೋಡಿದ್ದೆ.

ಈಗ ಎಂಟನೆಯ ತಿಂಗಳು. ಕೂಸು ತುಸು ಹೊತ್ತು ಒದೆಯದಿದ್ದರೂ ಹೆದರಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂಡುತ್ತೇನೆ. ಸೂಜಿ ಹಿಡಿದಾಗ ಮಾತ್ರ ಆ ಹೆದರಿಕೆ ಮರೆಯುತ್ತದೆ. ಅವ್ವನ ಹಸಿರು ಸೀರೆ, ಅಪ್ಪನ ಕೆಂಪು ರುಮಾಲು, ಇವರ ನೀಲಿ ಅಂಗಿ ಕತ್ತರಿಸಿ ಜೋಡಿಸಿದ್ದೇನೆ. ಬಿಳಿ ತುಂಡು ಒಂದನ್ನೂ ಇಟ್ಟಿಲ್ಲ.

ನಡುವಿಗೆ ನಿಮ್ಮ ಆ ಹಳದಿ ಸೆರಗು ಬೇಕು. "ಆ ಸೀರಿ ಯಾಕ ಬೇಕ, ಬ್ಯಾರೇದ ಕೇಳ" ಅಂತಾಳೆ ಅವ್ವ. ನನಗೆ ಅದೇ ಬೇಕು. ಒಗೆದು ಕಳಿಸಿರಿ.

ಹೆದರಬೇಡಿ, ಕೌದಿಯನ್ನು ಮುಗಿಸುವುದಿಲ್ಲ. ಮೂರು ಬದಿ ಹೊಲಿದು ನಾಲ್ಕನೆಯದನ್ನು ಹಾಗೇ ಬಿಡುತ್ತೇನೆ. ಸೂಜಿಗೆ ದಾರ ಪೋಣಿಸಿ ಅಲ್ಲೇ ಚುಚ್ಚಿಟ್ಟಿರುತ್ತೇನೆ. ಆ ಬದಿಯನ್ನು ನೀವೇ ಹೊಲಿಯಬೇಕು, ಕೂಸು ಅತ್ತದ್ದು ಕೇಳಿದ ಮೇಲೆ.

ನಿಮ್ಮ ಸೊಸೆ,
ಪ್ರಜ್ಞಾ